ಗಾಲ್, ಗೇಲ್ ಮತ್ತು ಒಂದು ಪ್ರತ್ಯಯ

ಕನ್ನಡ ವ್ಯಾಕರಣವನ್ನು ಬಹುಕಾಲ ಪಾಠ ಹೇಳಿದ ನನಗೆ ತದ್ಧಿತ ಪ್ರತ್ಯಯಗಳ ಮೇಲೆ ವಿಶೇಷ ಮಮತೆ. 'ಕನ್ನಡ'ಕ್ಕೆ 'ಇಗ' ಸೇರಿದೊಡನೆ ನುಡಿಯ ಹೆಸರು ಮನುಷ್ಯನ ಹೆಸರಾಗುತ್ತದೆ. ಐರ್ಲೆಂಡಿನ ಐರಿಷ್ ಭಾಷೆಯಲ್ಲಿ ಈ ಕೆಲಸ 'ಆಖ್' ಪ್ರತ್ಯಯದ್ದು. ಇಂಗ್ಲೆಂಡಿನವನು 'ಸಸನಾಖ್', ಐರ್ಲೆಂಡಿನವನು 'ಏರನಾಖ್'.

'ನಾನು ಕನ್ನಡಿಗ' ಎನ್ನಲು ನಮಗೆ ಕ್ರಿಯಾಪದವೇ ಬೇಡ. ಐರಿಷ್‌ನಲ್ಲಿ ಬೇಕು, ಅಲ್ಲಿ 'ಇರು' ಎಂಬರ್ಥಕ್ಕೆ ಎರಡು ರೂಪಗಳಿವೆ. ದಣಿವು, ಇರುವ ಸ್ಥಳ ಮುಂತಾದ ಸ್ಥಿತಿಗಳಿಗೆ ಒಂದು. ಇಂಥವನೆಂದು ಗುರುತಿಸುವುದಕ್ಕೆ ಇನ್ನೊಂದು. 'ನಾನು ಏರನಾಖ್' ಎನ್ನುವಾಗ ಬರುವುದು ಎರಡನೆಯದು. ವ್ಯಾಕರಣದ ದೃಷ್ಟಿಯಲ್ಲಿ ರಾಷ್ಟ್ರೀಯತೆಯು ಸ್ಥಿತಿಯಲ್ಲ, ಸ್ವರೂಪ.

ಚರಿತ್ರೆ ಅಷ್ಟು ನಿಶ್ಚಲವಲ್ಲ. ಐರಿಷರು ತಮ್ಮನ್ನು 'ಗೇಲ್' ಎಂದು ಕರೆದುಕೊಂಡರು. ಆ ಹೆಸರೇ ನೆರೆಯ ವೆಲ್ಷ್ ನುಡಿಯಿಂದ ಬಂದ ಎರವಲೆಂದು ವಿದ್ವಾಂಸರ ಮತ. ಹೊರಗಿನವನು 'ಗಾಲ್'. ಮೊದಲು ಅದು ಗಾಲ್ ದೇಶದವನ ಹೆಸರು. 795ರಿಂದ ದಾಳಿಯಿಟ್ಟ ವೈಕಿಂಗರೂ, 1169ರಲ್ಲಿ ಬಂದಿಳಿದ ನಾರ್ಮನ್ನರೂ, ಅನಂತರದ ಇಂಗ್ಲಿಷರೂ ಸರದಿಯಂತೆ ಗಾಲರಾದರು. ಅಯೋನಿಯದ ಗ್ರೀಕರಿಗೆ ಸಂದ ನಮ್ಮ 'ಯವನ' ಶಬ್ದವೂ ಹೀಗೆಯೇ ಪರಕೀಯರನ್ನೆಲ್ಲ ಆವರಿಸಿತಲ್ಲವೇ? ವಾಯವ್ಯದ ಡೊನೆಗಾಲ್ ಎಂದರೆ 'ಗಾಲರ ಕೋಟೆ'. ಷಷ್ಠೀ ಬಹುವಚನದಲ್ಲಿ ಗಕಾರವು ಙಕಾರವಾಗಿ ಐರಿಷ್ ಉಚ್ಚಾರ 'ಡೂನ್ ನ ಙಾಲ್'. ನಾವು ವರ್ಣಮಾಲೆಯಲ್ಲಿ ಓದಿ ಬಿಟ್ಟ ಅಕ್ಷರ ಅಲ್ಲಿ ಪದದ ಆದಿಯಲ್ಲಿದೆ!

ನಾರ್ಮನ್ನರ ಸಂತತಿ ಕ್ರಮೇಣ ಐರಿಷ್ ನುಡಿಯನ್ನೇ ಆಡತೊಡಗಿತು. 16ನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಇಂಗ್ಲಿಷರು ಬಂದಾಗ ಅವರು 'ಹೊಸ ಗಾಲರು', ಕ್ಯಾಥೊಲಿಕರಾಗಿ ಉಳಿದ ಮೊದಲಿನವರು 'ಹಳೆಯ ಗಾಲರು'. ಈ ಹಳೆಯ ಗಾಲರ ವಂಶದವನೇ ಪಾದ್ರಿ ಜೆಫ್ರಿ ಕೀಟಿಂಗ್. 1634ರ ಸುಮಾರಿಗೆ ಆತ ಐರ್ಲೆಂಡಿನ ಚರಿತ್ರೆಯನ್ನು ಐರಿಷ್‌ನಲ್ಲೇ ಬರೆದು, ಆ ನಾಡನ್ನು ಹಳಿದ ಇಂಗ್ಲಿಷ್ ಲೇಖಕರನ್ನು ಪೀಠಿಕೆಯಲ್ಲಿಯೇ ಖಂಡಿಸಿದನು. ತಾನು ಗಾಲರ ಕುಲದವನೆಂಬುದನ್ನು ಆತ ಮುಚ್ಚಿಡಲಿಲ್ಲ. ಗೇಲನನ್ನೂ ಹಳೆಯ ಗಾಲನನ್ನೂ ಒಟ್ಟಿಗೆ ಒಳಗೊಳ್ಳಲು ಆತನಿಗೆ ಒದಗಿದ ಶಬ್ದ 'ಏರನಾಖ್', ಅಂದರೆ ನೆಲದ ಹೆಸರಿನಿಂದ ಹುಟ್ಟಿದ ಶಬ್ದ. ರಕ್ತ ಬೇರ್ಪಡಿಸಿದವರನ್ನು ಪ್ರತ್ಯಯವೊಂದು ಕೂಡಿಸಿತು.

ಆದರೆ ಆ ಕೂಡಿಕೆಗೆ ಮತದ ಎಲ್ಲೆಯಿತ್ತು; ಹೊಸ ಗಾಲರು ಹೊರಗೇ ಉಳಿದರು. ಇಂದು ಆ ಶಬ್ದ ಮತಭೇದವಿಲ್ಲದೆ ಸಲ್ಲುತ್ತದೆ. ಸ್ವರೂಪವನ್ನು ಹೇಳುವ ಕ್ರಿಯಾರೂಪ ಮಾತ್ರ ಅಂದಿನದೇ. 'ನಾನು ಇಂಥವನು' ಎಂಬ ವಾಕ್ಯವನ್ನು ವ್ಯಾಕರಣ ಕಟ್ಟಿಕೊಡಬಲ್ಲದು. ಅದನ್ನು ಯಾರು ಯಾರು ನುಡಿಯಬಹುದೆಂಬುದನ್ನು ಜನರೇ ತೀರ್ಮಾನಿಸುತ್ತಾರೆ.