ಹಿತ್ತಲಿಗೆ ಬಂದ ಆಸ್ಟ್ರೇಲಿಯಾದ ಹುಳ

ಹಿತ್ತಲ ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿದರೆ ನಾವು ಮೊದಲು ಹುಡುಕುವುದು ಔಷಧಿ ಡಬ್ಬಿ. ಅದೇ ಗಿಡದಲ್ಲಿ ಆ ತಿಗಣೆಯನ್ನೇ ತಿಂದು ಬದುಕುವ ಹುಳವೂ ಇರಬಹುದು. ಹೆಸರು ಕ್ರಿಪ್ಟೊಲೀಮಸ್, ಗುಲಗಂಜಿ ಹುಳದ ಜಾತಿ. ಮೈ ಕಪ್ಪು, ತಲೆ ಕಿತ್ತಳೆ, ಉದ್ದ ಸುಮಾರು 4 ಮಿಲಿಮೀಟರ್. ಮೂಲ ಆಸ್ಟ್ರೇಲಿಯಾ.

ಇದನ್ನು 1898ರಲ್ಲಿ ಭಾರತಕ್ಕೆ ತಂದವರು ಎಚ್.ಒ. ನ್ಯೂಪೋರ್ಟ್. ಕಾಫಿ ಗಿಡದ ರಸ ಹೀರುತ್ತಿದ್ದ ಹಸಿರು ಶಲ್ಕ ಕೀಟವನ್ನು ಈ ಹುಳ ತಿಂದು ಮುಗಿಸಲಿ ಎಂಬುದು ಆಗಿನ ಲೆಕ್ಕ. ಆ ಲೆಕ್ಕ ತಪ್ಪಿತು. ಶಲ್ಕ ಕೀಟ ಹತೋಟಿಗೆ ಬರಲಿಲ್ಲ. ಹುಳ ಮಾತ್ರ ಹಿಟ್ಟು ತಿಗಣೆ ತಿನ್ನುತ್ತಾ ದಕ್ಷಿಣ ಭಾರತದಲ್ಲೇ ನೆಲೆಯೂರಿತು. ಎಷ್ಟೋ ವರ್ಷಗಳ ನಂತರ ಬೆಂಗಳೂರಿನ ವಿಜ್ಞಾನಿಗಳು ಇದನ್ನು ಸಾಕಿ, ದ್ರಾಕ್ಷಿ, ಸೀಬೆ ತೋಟಗಳಿಗೆ ಬಿಟ್ಟರು.

ಒಂದೇ ತೊಡಕು. ಇದರ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳಿರುತ್ತವೆ, ನೋಡಲು ಥೇಟ್ ಹಿಟ್ಟು ತಿಗಣೆಯೇ. ಹಾಗಾಗಿ ನಮ್ಮ ಕೆಲಸ ಮಾಡಿಕೊಡುವವನನ್ನೇ ನಾವು ಉಜ್ಜಿ ಸಾಯಿಸುತ್ತೇವೆ.

ಮುಂದಿನ ಸಲ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ತಿಗಣೆ ಕದಲುವುದು ಕಡಿಮೆ. ದಪ್ಪಗಿದ್ದು, ಎಳೆ ಉದ್ದವಿದ್ದು, ಚುರುಕಾಗಿ ಸರಿದರೆ ಅದು ಗುಲಗಂಜಿ ಮರಿ. ಅದರ ಪಾಡಿಗೆ ಬಿಟ್ಟುಬಿಡಿ, ಆ ಗಿಡಕ್ಕೆ ಔಷಧಿಯನ್ನೂ ಹೊಡೆಯಬೇಡಿ.