ಬ್ಯಾಟರಿಯೂ ಹಳೆಯ ರೂಢಿಯೂ

ಕುರಕುಂಟಾದ ಬೇಸಗೆಯನ್ನು ತಾವು ಬಲ್ಲಿರಿ. ಫರಸಿಗಲ್ಲಿನ ಮಾಳಿಗೆ ಹಗಲೆಲ್ಲ ಕಾದು, ಇರುಳಾದರೂ ಆರದು. ಅದರ ಕೆಳಗೆ, ದಿಂಬಿನಡಿಯಲ್ಲಿ, ಬೆಳಗಿನವರೆಗೂ ಚಾರ್ಜಿಗೆ ಹಾಕಿಟ್ಟ ಮೊಬೈಲು ಒಂದೆರಡು ವರ್ಷಕ್ಕೇ ಸೋತರೆ ದೂರುವುದು ಯಾರನ್ನು?

ನಮ್ಮ ರೂಢಿಗಳು ಮೊಬೈಲಿಗಿಂತ ಹಳೆಯವು. 1859ರಲ್ಲಿ ಫ್ರಾನ್ಸಿನ ಪ್ಲಾಂತೆ ಎಂಬಾತನು ಸೀಸ, ಗಂಧಕಾಮ್ಲಗಳಿಂದ ಮರಳಿ ತುಂಬಿಸಬಹುದಾದ ಬ್ಯಾಟರಿಯನ್ನು ರಚಿಸಿದನು. ವಿದ್ಯುತ್ತಿಲ್ಲದ ಎಷ್ಟೋ ಊರುಗಳಲ್ಲಿ ರೇಡಿಯೋ ನುಡಿದದ್ದು ಇಂಥದರಿಂದಲೇ. ಮನೆಯ ಹಿರಿಯರನ್ನು ಕೇಳಿ ನೋಡಿ. ಬರಿದಾಗಿ ಬಿಟ್ಟರೆ ಅದರ ಫಲಕಗಳ ಮೇಲೆ ಹರಳು ಗಟ್ಟಿಯಾಗಿ ಕೂರುವುದು. ಆದುದರಿಂದ ‘ಸದಾ ತುಂಬಿರಲಿ’ ಎಂಬುದು ಮೊದಲ ಪಾಠವಾಯಿತು. ಬಳಿಕ ಬಂದದ್ದು ನಿಕ್ಕಲ್-ಕ್ಯಾಡ್ಮಿಯಂ, 1899ರಲ್ಲಿ, ಸ್ವೀಡನ್ನಿನಿಂದ. ಅರ್ಧ ಬಳಸಿ ಮತ್ತೆ ಮತ್ತೆ ತುಂಬಿಸಿದರೆ ಅದು ಅರ್ಧವನ್ನೇ ‘ನೆನಪಿಡುತ್ತದೆ’ ಎಂದರು. ‘ಪೂರ್ತಿ ಬರಿದು ಮಾಡಿ ತುಂಬಿಸು’ ಎಂಬ ಎರಡನೆಯ ಪಾಠ ಹುಟ್ಟಿದ್ದು ಹೀಗೆ.

1991ರಲ್ಲಿ ಸೋನಿ ಕಂಪನಿಯವರು ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದರು. ಇಂದಿನ ಮೊಬೈಲಿನಲ್ಲಿರುವುದು ಇದರ ಸಂತತಿಯೇ. ಇದಕ್ಕೆ ಆ ಎರಡು ಪಾಠಗಳೂ ಒಗ್ಗವು! ತೀರ ಬರಿದಾದರೂ, ನೂರಕ್ಕೆ ನೂರು ತುಂಬಿ ಬಹುಕಾಲ ನಿಂತರೂ ಅದಕ್ಕೆ ಬೇಗ ಮುಪ್ಪು. ನೂರರಲ್ಲಿ 20ರಿಂದ 80ರ ನಡುವೆ ಇದ್ದರೆ ಹಾಯಾಗಿರುತ್ತದೆ. ಕಾವು ಅದರ ಪರಮ ವೈರಿ. ತುಂಬಿದ ಬ್ಯಾಟರಿಗಂತೂ ಇನ್ನೂ ಕೆಡುಕು. ಅಂದಮೇಲೆ ದಿಂಬಿನಡಿ ಬೇಡ. ಆಗಾಗ ಸ್ವಲ್ಪಸ್ವಲ್ಪ ತುಂಬಿಸಿ, ನೆರಳಿನ ಗೂಡಿನಲ್ಲಿ, ಗಾಳಿಯಾಡುವಂತೆ ಇಡಿ. ಸೇಡಮಿಗೆ ಹೋದಾಗ ಕಾರಿನ ಮುಂಗಾಜಿನ ಬಳಿ ಬಿಸಿಲಿಗೆ ಬಿಟ್ಟು ಬರಬೇಡಿ.