ಬಯಸಿ ತರಿಸಿದ ಪತ್ರವೂ ಕಸವಾದಾಗ

ವಿಳಾಸ ಅರೆಬರೆಯಾಗಿದ್ದರೂ ಮನೆತನ ವಿಚಾರಿಸಿ ಕಾಗದ ಮುಟ್ಟಿಸುವುದು ಹಳ್ಳಿಯ ಅಂಚೆಯಣ್ಣನ ರೂಢಿ. ಇ-ಮೇಲ್‌ಗೆ ಅಂಥ ಪರಿಚಯವಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರದ ದ್ರಾಕ್ಷಿ ಬೆಳೆಗಾರರೊಬ್ಬರು ತಾವೇ ಹೆಸರು ಕೊಟ್ಟು ತರಿಸುವ ಕೃಷಿ ವಾರ್ತಾಪತ್ರವೂ ಅವರ ಕಣ್ಣಿಗೆ ಬೀಳದೆ 'ಸ್ಪ್ಯಾಮ್' ಎಂಬ ಕಸದ ಬುಟ್ಟಿ ಸೇರಬಹುದು. ಹೀಗೇಕೆ?

ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಅಂಚೆಯಲ್ಲಿ ಪ್ರತಿ ಕಾಗದಕ್ಕೂ ಖರ್ಚುಂಟು. ಬೇಡದ ಪತ್ರಗಳಿಗೆ ಅದೇ ಕಡಿವಾಣ. ಇ-ಮೇಲ್‌ನಲ್ಲಾದರೋ ಒಂದು ಪತ್ರಕ್ಕೂ ಲಕ್ಷ ಪತ್ರಕ್ಕೂ ಖರ್ಚಿನ ಅಂತರ ಅತ್ಯಲ್ಪ. 1982ರಲ್ಲಿ ರೂಪುಗೊಂಡ ಅದರ ನಿಯಮಾವಳಿ ಕಳುಹಿಸಿದವರ ಗುರುತನ್ನು ಪರೀಕ್ಷಿಸುತ್ತಲೂ ಇರಲಿಲ್ಲ.

ದುರುಪಯೋಗ ಅದಕ್ಕೂ ಹಿಂದಿನದು. 1978ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥುಯೆರ್ಕ್ ಕಂಪ್ಯೂಟರ್ ಮಾರಾಟದ ಜಾಹೀರಾತನ್ನು ಸುಮಾರು 400 ಮಂದಿಗೆ ಒಮ್ಮೆಲೇ ಕಳುಹಿಸಿದರು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಜೊತೆಗೂಡಿ 1996ರಲ್ಲಿ ಹಾಟ್‌ಮೇಲ್ ಆರಂಭಿಸಿದ ಮೇಲೆ ಇ-ಮೇಲ್ ಉಚಿತವಾಗಿ ಜನಸಾಮಾನ್ಯರ ಕೈ ಸೇರಿತು. ಬೇಡದ ಪತ್ರಗಳ ಹಾವಳಿಯೂ ಬೆಳೆಯಿತು.

ಮೊದಮೊದಲ ಸೋಸುಯಂತ್ರಗಳು 'ಉಚಿತ', 'ಬಹುಮಾನ'ದಂಥ ಪದಗಳನ್ನು ಹುಡುಕುತ್ತಿದ್ದವು. ವಂಚಕರು ಕಾಗುಣಿತ ಬದಲಿಸಿ ನುಸುಳಿದರು; ಅದೇ ಪದ ಬಳಸಿದ ಪ್ರಾಮಾಣಿಕರು ಸಿಕ್ಕಿಬಿದ್ದರು. ಆದ್ದರಿಂದ ಪದಗಳ ಜೊತೆಗೆ ಕಳುಹಿಸಿದವರ ಗುರುತನ್ನೂ ನೋಡುವ ಕ್ರಮ ಬಂತು. ಯಾವ ಕಂಪ್ಯೂಟರ್ ತಮ್ಮ ಹೆಸರಿನಲ್ಲಿ ಪತ್ರ ಕಳುಹಿಸಬಹುದೆಂದು ಸಂಸ್ಥೆಗಳು ಮೊದಲೇ ಪ್ರಕಟಿಸುವುದು ಎಸ್‌ಪಿಎಫ್. ಪ್ರತಿ ಪತ್ರಕ್ಕೂ ಅರಗಿನ ಮುದ್ರೆಯಂತೆ ಗುಪ್ತ ಸಹಿ ಒತ್ತುವುದು ಡಿಕೆಐಎಂ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರಗಳನ್ನು ಜಿಮೇಲ್‌ಗೆ ಕಳುಹಿಸುವವರಿಗೆ ಗೂಗಲ್ 2024ರಲ್ಲಿ ಇವೆರಡನ್ನೂ ಕಡ್ಡಾಯಗೊಳಿಸಿತು. ಸ್ಪ್ಯಾಮ್ ಎಂಬ ದೂರು ಸಾವಿರಕ್ಕೆ ಮೂರನ್ನು ಮುಟ್ಟಬಾರದು, ಚಂದಾ ಬಿಡಲು ಒಂದೇ ಒತ್ತು ಸಾಕಾಗಬೇಕು ಎಂದೂ ವಿಧಿಸಿತು.

ಆದರೆ ಮುದ್ರೆ ಹೇಳುವುದು ಪತ್ರ ಯಾರದೆಂದು ಮಾತ್ರ. ಅದು ಬೇಕಾದದ್ದೇ ಎಂದಲ್ಲ. ಅದನ್ನು ತೀರ್ಮಾನಿಸುವವರು ಓದುಗರು. ಚಂದಾ ಬಿಡುವ ದಾರಿ ಕಾಣದೆ ಹಲವರು 'ಸ್ಪ್ಯಾಮ್' ಗುಂಡಿ ಒತ್ತಿದರೆ, ಬಯಸಿ ತರಿಸಿದವರ ಪತ್ರವೂ ಕಸಕ್ಕೆ ಹೋಗುತ್ತದೆ. ಆದ್ದರಿಂದ ಕೇಳಿದವರಿಗಷ್ಟೇ ಕಳುಹಿಸಿ, ಬೇಡವೆಂದವರನ್ನು ಕೂಡಲೇ ಬಿಡುವುದು ಸಂಪಾದಕರಿಗೆ ಕ್ಷೇಮ. ಓದುಗರೂ ಆಗಾಗ ಕಸದ ಬುಟ್ಟಿ ನೋಡಿ, ಬೇಕಾದ ಪತ್ರವನ್ನು 'ಸ್ಪ್ಯಾಮ್ ಅಲ್ಲ' ಎಂದು ಗುರುತಿಸಬೇಕು. ಅಂಚೆಯಣ್ಣನಿಗಿದ್ದ ಪರಿಚಯವನ್ನು ಯಂತ್ರಕ್ಕೆ ಕಲಿಸುವ ಬಗೆ ಇದೇ.